ಹಾಡುವ ಬಲ್ಬು: ಐದು ವ್ಯಾಟಿನ ಗಿಟಾರ್ ಪೆಟ್ಟಿಗೆ

ಮಕ್ಕಳೇ, ನಿಮ್ಮ ಮನೆಯ ಎಲ್‌ಇಡಿ ಬಲ್ಬಿನ ಮೇಲೆ ಏನು ಬರೆದಿದೆ ಎಂದು ನೋಡಿದ್ದೀರಾ? ಹೆಚ್ಚಿನ ಮನೆಗಳಲ್ಲಿ 9 ವ್ಯಾಟಿನ ಬಲ್ಬು ಇರುತ್ತದೆ. ಮಂಗಳೂರಿನ ಕೊಟ್ಟಾರದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಇದನ್ನೇ ಹಿಡಿದುಕೊಂಡು ನನಗೊಂದು ಪ್ರಶ್ನೆ ಹಾಕಿದ.

“ಸರ್, ನಮ್ಮ ಮಾಮ ಅಮೆರಿಕದಿಂದ ಗಿಟಾರಿನ ಆಂಪ್ಲಿಫೈಯರ್ ತಂದಿದ್ದಾರೆ. ಅದರೊಳಗೆ ಎರಡು ಬಲ್ಬುಗಳಿವೆ. ಅವು ಬೆಳಕು ಕೊಡುವುದಕ್ಕಲ್ಲ, ಹಾಡುವುದಕ್ಕೆ! ಆದರೆ ಇಡೀ ಪೆಟ್ಟಿಗೆ ಬರೀ 5 ವ್ಯಾಟಂತೆ. ನಮ್ಮ ಜಗಲಿಯ ಬಲ್ಬೇ 9 ವ್ಯಾಟ್. ಅದನ್ನು ಬಿಚ್ಚಿ 50 ವ್ಯಾಟ್ ಮಾಡಬಹುದಾ?”

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ವಿದ್ಯುತ್ತು, ಶಬ್ದ, ನಮ್ಮ ಕಿವಿ ಈ ಮೂರರ ಬಗ್ಗೆಯೂ ತಿಳಿಯುತ್ತದೆ. ಬನ್ನಿ, ಆ ಪೆಟ್ಟಿಗೆಯನ್ನು ಬಿಚ್ಚದೆಯೇ ಅದರ ಒಳಗೆ ಇಣುಕೋಣ.

ತಂತಿಯಿಂದ ವಿದ್ಯುತ್ತು

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಗಿಟಾರಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಪ್ರಭಾವ ಬದಲಾಗುತ್ತದೆ. ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಈ ತತ್ತ್ವವನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದರು. ಹೀಗೆ ಹುಟ್ಟುವ ವಿದ್ಯುತ್ತು ಬಹಳ ದುರ್ಬಲ. ಸುಮಾರು 0.1 ವೋಲ್ಟ್, ಅಂದರೆ ಟಾರ್ಚ್ ಸೆಲ್ಲಿನ ಹದಿನೈದನೆಯ ಒಂದು ಭಾಗ. ಇದರಿಂದ ಸ್ಪೀಕರನ್ನು ಕುಣಿಸಲು ಸಾಧ್ಯವಿಲ್ಲ. ಇದನ್ನು ದೊಡ್ಡದು ಮಾಡುವುದೇ ಆಂಪ್ಲಿಫೈಯರಿನ ಕೆಲಸ.

ಗಾಜಿನೊಳಗಿನ ಕಿಂಡಿ ಅಣೆಕಟ್ಟು

ಆ ಹುಡುಗ ‘ಬಲ್ಬು’ ಎಂದು ಕರೆದದ್ದು ವಾಲ್ವನ್ನು. ಗಾಜಿನ ಬುರುಡೆಯೊಳಗಿನ ಗಾಳಿಯನ್ನು ತೆಗೆದುಬಿಟ್ಟಿರುವುದರಿಂದ ಇದಕ್ಕೆ ನಿರ್ವಾತ ನಳಿಕೆ ಎಂದೂ ಹೆಸರು. ಒಳಗೆ ಕ್ಯಾಥೋಡ್ ಎಂಬ ಲೋಹದ ಕೊಳವೆ ಇದೆ. ಅದು ಕಾದು ಕೆಂಪಾದಾಗ ಎಲೆಕ್ಟ್ರಾನುಗಳು ಹೊರಬರುತ್ತವೆ. ಎದುರಿಗೆ ಆನೋಡ್ ಎಂಬ ತಗಡು. ಅದಕ್ಕೆ ಸುಮಾರು 250 ವೋಲ್ಟಿನ ಧನ ವಿದ್ಯುತ್ತು ಕೊಟ್ಟಿರುವುದರಿಂದ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು ಅತ್ತ ಓಡುತ್ತವೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ತಯಾರಿಸಿದ ವಾಲ್ವಿನಲ್ಲಿ ಇವೆರಡೇ ಇದ್ದವು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಗ್ರಿಡ್ ಎಂಬ ತಂತಿಯ ಜಾಲರಿಯನ್ನು ಸೇರಿಸಿದರು. ಶಬ್ದವನ್ನು ದೊಡ್ಡದು ಮಾಡುವ ಗುಟ್ಟು ಆ ಜಾಲರಿಯಲ್ಲಿದೆ.

ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಬಾಗಿಲನ್ನು ತುಸು ಎತ್ತಿದರೆ ನೇತ್ರಾವತಿಯ ನೀರು ಭೋರೆಂದು ಹರಿಯುತ್ತದೆ. ತುಸು ಇಳಿಸಿದರೆ ಹರಿವು ತಗ್ಗುತ್ತದೆ. ಬಾಗಿಲಿಗೆ ಬೇಕಾದ ಶಕ್ತಿ ಸ್ವಲ್ಪ, ಹರಿಯುವ ನೀರು ಬಹಳ. ವಾಲ್ವಿನಲ್ಲಿ ಗ್ರಿಡ್ಡೇ ಬಾಗಿಲು. ಗಿಟಾರಿನ ಪುಟ್ಟ ವಿದ್ಯುತ್ತು ಗ್ರಿಡ್ಡನ್ನು ಆಡಿಸುತ್ತದೆ. ಗ್ರಿಡ್ ಹೆಚ್ಚು ಋಣವಾದರೆ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳುತ್ತದೆ, ಕಡಿಮೆ ಋಣವಾದರೆ ದಾರಿ ಬಿಡುತ್ತದೆ. ಹೀಗೆ ಸಣ್ಣ ಅಲೆಯ ತದ್ರೂಪವಾದ ದೊಡ್ಡ ಅಲೆ ಆನೋಡಿನಲ್ಲಿ ಸಿಗುತ್ತದೆ.

ಒಂದು ಮಾತು ನೆನಪಿಡಿ. ಅಣೆಕಟ್ಟಿನ ಬಾಗಿಲು ನೀರನ್ನು ಸೃಷ್ಟಿಸುವುದಿಲ್ಲ. ಆಂಪ್ಲಿಫೈಯರ್ ಕೂಡ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಗೋಡೆಯ ಪ್ಲಗ್ಗಿನಿಂದ ಬರುವ ಶಕ್ತಿಯನ್ನೇ ಗಿಟಾರಿನ ತಾಳಕ್ಕೆ ತಕ್ಕಂತೆ ಹರಿಸುತ್ತದೆ.

ಮಾಮನ ಪೆಟ್ಟಿಗೆಯಲ್ಲಿ ಎರಡು ವಾಲ್ವುಗಳಿವೆ. ಇಸಿಸಿ83 ಎಂಬ ಚಿಕ್ಕದು ವೋಲ್ಟೇಜನ್ನು ಹೆಚ್ಚಿಸುತ್ತದೆ. ಇಎಲ್84 ಎಂಬ ಇನ್ನೊಂದು ಸ್ಪೀಕರಿಗೆ ಬೇಕಾದ ಬಲ ಕೊಡುತ್ತದೆ. ಇವು ಹೊರದೇಶದ ಸರಕು ಮಾತ್ರ ಎಂದುಕೊಳ್ಳಬೇಡಿ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ನಿಮ್ಮ ಅಜ್ಜ ಅಜ್ಜಿ ವಾರ್ತೆ ಕೇಳುತ್ತಿದ್ದ ದೊಡ್ಡ ರೇಡಿಯೊದಲ್ಲಿ ಇಂಥ ವಾಲ್ವುಗಳೇ ಇದ್ದವು. ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ, ವಾಲ್ವು ಕಾಯುವವರೆಗೆ ಕಾಯಬೇಕಿತ್ತು! 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವುಗಳು ಮೆಲ್ಲಮೆಲ್ಲನೆ ಮನೆಗಳಿಂದ ಮರೆಯಾದವು. ಗಿಟಾರ್ ನುಡಿಸುವವರು ಮಾತ್ರ ಅವುಗಳನ್ನು ಇನ್ನೂ ಬಿಟ್ಟಿಲ್ಲ.

ಐದು ವ್ಯಾಟ್ ಸಾಕೇ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಬಲ್ಬಿನ 9 ವ್ಯಾಟ್ ಅದು ಬಳಸುವ ವಿದ್ಯುತ್ತಿನ ಲೆಕ್ಕ. ಆಂಪ್ಲಿಫೈಯರಿನ 5 ವ್ಯಾಟ್ ಅದು ಸ್ಪೀಕರಿಗೆ ಕೊಡುವ ಶಕ್ತಿಯ ಲೆಕ್ಕ. ಅಷ್ಟನ್ನು ಕೊಡಲು ವಾಲ್ವುಗಳಿಗೆ ಒಟ್ಟಿಗೆ ಸುಮಾರು 20 ವ್ಯಾಟ್ ಬೇಕು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸ್ಪೀಕರಿಗೆ ಸೇರಿದ 5 ವ್ಯಾಟಿನಲ್ಲೂ ಶಬ್ದವಾಗುವುದು ನೂರರಲ್ಲಿ ಮೂರು ನಾಲ್ಕು ಪಾಲು ಮಾತ್ರ. ಅಂದರೆ ಕಾಲು ವ್ಯಾಟಿಗಿಂತಲೂ ಕಡಿಮೆ! ಆದರೂ ಮನೆ ತುಂಬ ಕೇಳಿಸುತ್ತದೆ. ನಮ್ಮ ಕಿವಿ ಅಷ್ಟು ಸೂಕ್ಷ್ಮ.

ಶಬ್ದದ ಮಟ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಒಂದು ಒಳ್ಳೆಯ ಗಿಟಾರ್ ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ ಹೀಗಿರುತ್ತದೆ:

1 ವ್ಯಾಟ್ – 97 ಡೆಸಿಬಲ್
2 ವ್ಯಾಟ್ – 100 ಡೆಸಿಬಲ್
5 ವ್ಯಾಟ್ – 104 ಡೆಸಿಬಲ್
10 ವ್ಯಾಟ್ – 107 ಡೆಸಿಬಲ್
50 ವ್ಯಾಟ್ – 114 ಡೆಸಿಬಲ್

ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್. ಹತ್ತು ಪಟ್ಟಾದರೆ 10 ಡೆಸಿಬಲ್. ಹತ್ತು ಡೆಸಿಬಲ್ ಏರಿದಾಗ ನಮ್ಮ ಕಿವಿಗೆ ಶಬ್ದ ಸುಮಾರು ಇಮ್ಮಡಿಯಾದಂತೆ ತೋರುತ್ತದೆ. ಹಾಗಾದರೆ 5 ವ್ಯಾಟನ್ನು 50 ಮಾಡಿದರೆ ಸಿಗುವ ಲಾಭವೇನು? ಶಕ್ತಿ ಹತ್ತು ಪಟ್ಟು, ಕೇಳುವುದು ಎರಡೇ ಪಟ್ಟು!

ಮಾಮ ಬದಲಿಸಿದ್ದೇನು?

ಮಾಮ ವ್ಯಾಟನ್ನು ಮುಟ್ಟಲೇ ಇಲ್ಲ. ಅವರು ಬದಲಿಸಿದ್ದು ಸ್ಪೀಕರನ್ನು. ಹಳೆಯ ಎಂಟು ಇಂಚಿನ ಸ್ಪೀಕರ್ ಒಂದು ವ್ಯಾಟಿಗೆ 91 ಡೆಸಿಬಲ್ ಕೊಡುತ್ತಿತ್ತು. ಅದರ ಬದಲಿಗೆ 97 ಡೆಸಿಬಲ್ ಕೊಡುವ ಹನ್ನೆರಡು ಇಂಚಿನ ಸ್ಪೀಕರನ್ನು ದೊಡ್ಡ ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದರು. ಆರು ಡೆಸಿಬಲ್ ಹೆಚ್ಚಾಯಿತು. ಹಳೆಯ ಸ್ಪೀಕರಿನಿಂದ ಇಷ್ಟು ಶಬ್ದ ಬರಬೇಕಾದರೆ 20 ವ್ಯಾಟ್ ಬೇಕಾಗುತ್ತಿತ್ತು. ಹಳೆಯ ಸ್ಪೀಕರ್ 8 ಓಮಿನದು, ಹೊಸದೂ 8 ಓಮಿನದು. ಇದು ಹೊಂದಬೇಕಾದದ್ದು ಮುಖ್ಯ. ವಾಲ್ವಿಗೂ ಸ್ಪೀಕರಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇದ್ದು, ಅದನ್ನು ಇಂತಿಷ್ಟು ಓಮಿಗೆಂದೇ ಸುತ್ತಿರುತ್ತಾರೆ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನುಡಿಸಿದರೆ ಆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು.

“ಹಾಗಾದರೆ 50 ವ್ಯಾಟಿನ ಪೆಟ್ಟಿಗೆ ಯಾಕೆ ಮಾಡುತ್ತಾರೆ ಸರ್?” ಎಂದು ಹುಡುಗ ಬಿಡಲಿಲ್ಲ. ದೊಡ್ಡ ಮೈದಾನ, ಡ್ರಮ್ಮುಗಳ ಅಬ್ಬರ ಇರುವಲ್ಲಿ ಅದು ಬೇಕಾಗುತ್ತದೆ. ಆದರೆ ಮನೆಗೆ ಚಿಕ್ಕದೇ ಚೆನ್ನ. ವಾಲ್ವಿಗೆ ಅದರ ಶಕ್ತಿ ಮೀರುವಷ್ಟು ಕೆಲಸ ಕೊಟ್ಟಾಗ ಅಲೆಯ ನೆತ್ತಿ ಮೊಂಡಾಗುತ್ತದೆ. ಆಗ ಗಿಟಾರಿಗೆ ‘ಗುರ್ರ್’ ಎನ್ನುವ ದಪ್ಪ ದನಿ ಬರುತ್ತದೆ. ವಾದಕರಿಗೆ ಅದೇ ಇಷ್ಟ. 50 ವ್ಯಾಟಿನ ಪೆಟ್ಟಿಗೆಯಲ್ಲಿ ಆ ದನಿ ಬರುವಷ್ಟರಲ್ಲಿ ನೆರೆಮನೆಯವರು ಬಾಗಿಲು ತಟ್ಟಿರುತ್ತಾರೆ! ಸಭಾಂಗಣದಲ್ಲಿ ನುಡಿಸುವುದಿದ್ದರೆ ಮಾಮ ಇದೇ ಚಿಕ್ಕ ಪೆಟ್ಟಿಗೆಯ ಎದುರು ಒಂದು ಮೈಕ್ ಇಡುತ್ತಾರೆ. ಉಳಿದ ಕೆಲಸ ಸಭಾಂಗಣದ ಮೈಕ್ ಸೆಟ್ಟಿನದು.

ಚಿಕ್ಕದೆಂದು ಅಸಡ್ಡೆಯೂ ಬೇಡ. 85 ಡೆಸಿಬಲ್‌ಗಿಂತ ಹೆಚ್ಚಿನ ಶಬ್ದವನ್ನು ದಿನವೂ ಗಂಟೆಗಟ್ಟಲೆ ಕೇಳಿದರೆ ಕಿವಿ ಹಾಳಾಗುತ್ತದೆ. ಶಬ್ದ ಮಾಲಿನ್ಯ ತಡೆಯಲು 2000ದಲ್ಲಿ ಬಂದ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕೊಟ್ಟಾರದಂತೆ ಮನೆಗೆ ಮನೆ ತಾಗಿರುವ ಕಡೆ ವಾಲ್ಯೂಮ್ ತಿರುಪನ್ನು ಹಿಂದಕ್ಕೆ ತಿರುಗಿಸುವುದೂ ಒಂದು ಜಾಣತನ.

ಪಿನ್ನು ಹೊಂದಿದರೆ ಸಾಕೇ?

ಪೆಟ್ಟಿಗೆ ಬಂದ ದಿನವೇ ಒಂದು ಅನಾಹುತ ತಪ್ಪಿತ್ತು. ಅದರ ಪ್ಲಗ್ಗಿನ ಚಪ್ಪಟೆ ಪಿನ್ನುಗಳು ನಮ್ಮ ಗೋಡೆಗೆ ಹೊಂದಲಿಲ್ಲ. ಹುಡುಗ ಅಂಗಡಿಯಿಂದ ಅಡಾಪ್ಟರ್ ತಂದು ಸಿಕ್ಕಿಸಲು ಹೊರಟ. ಮಾಮ ಓಡಿಬಂದು ಕೈ ಹಿಡಿದರು. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230 ವೋಲ್ಟ್. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಹೊಂದಿಸುತ್ತದೆ, ವೋಲ್ಟೇಜನ್ನು ಇಳಿಸುವುದಿಲ್ಲ. ಹಾಕಿದ್ದರೆ ಪೆಟ್ಟಿಗೆ ಹೊಗೆಯಾಡುತ್ತಿತ್ತು. ಈಗ ಅವರು 230ನ್ನು 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬಳಸುತ್ತಾರೆ.

ಎಚ್ಚರಿಕೆ! ವಾಲ್ವ್ ಆಂಪ್ಲಿಫೈಯರಿನ ಅಥವಾ ಹಳೆಯ ರೇಡಿಯೊದ ಹಿಂಬದಿಯನ್ನು ಎಂದೂ ಬಿಚ್ಚಬೇಡಿ. ಒಳಗೆ 250 ವೋಲ್ಟಿಗಿಂತ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದು ಜೀವಕ್ಕೇ ಅಪಾಯ. ರಿಪೇರಿ ಕಲಿತವರೇ ಆ ಕೆಲಸ ಮಾಡಬೇಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಬಿಡಿಯಾಗಿ ಸಿಗುವ ಹಳೆಯ ಸಣ್ಣ ಸ್ಪೀಕರ್, 1.5 ವೋಲ್ಟಿನ ಒಂದು ಸೆಲ್, ಎರಡು ತುಂಡು ವಯರು, ದಪ್ಪ ರಟ್ಟು.

1. ಸ್ಪೀಕರಿಗೆ ಎರಡು ವಯರುಗಳನ್ನು ಜೋಡಿಸಿ. ಸೆಲ್ಲಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ‘ಟಿಕ್’ ಎನ್ನುತ್ತದೆ. ಸ್ಪೀಕರಿನ ಕಾಗದ ಯಾವ ಕಡೆಗೆ ಚಲಿಸಿತು?
2. ವಯರುಗಳನ್ನು ಅದಲುಬದಲು ಮಾಡಿ. ಈಗ ಯಾವ ಕಡೆಗೆ?
3. ರಟ್ಟಿನ ನಡುವೆ ಸ್ಪೀಕರಿನ ಬಾಯಿಯಷ್ಟೇ ಅಗಲದ ತೂತು ಮಾಡಿ. ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿದು ಮತ್ತೆ ತಾಗಿಸಿ.

ಈ ಸಲ ‘ಟಿಕ್’ ದಪ್ಪಗಾಗಿ ‘ಟಪ್’ ಎನ್ನುವುದನ್ನು ಗಮನಿಸಿದಿರಾ? ಸ್ಪೀಕರಿನ ಕಾಗದ ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಗಾಳಿ ತೆಳುವಾಗುತ್ತದೆ. ಬರಿಯ ಸ್ಪೀಕರಿನಲ್ಲಿ ಮುಂದಿನ ಗಾಳಿ ಅಂಚನ್ನು ಸುತ್ತಿ ಹಿಂದಕ್ಕೆ ಸೇರುತ್ತದೆ, ದಪ್ಪ ಶಬ್ದ ಅಳಿಸಿಹೋಗುತ್ತದೆ. ರಟ್ಟು ಅದನ್ನು ತಡೆಯುತ್ತದೆ. ಸೆಲ್ ಅದೇ, ಸ್ಪೀಕರ್ ಅದೇ. ಆದರೂ ಶಬ್ದ ಬೇರೆ. ಮಾಮ ದೊಡ್ಡ ಪೆಟ್ಟಿಗೆ ಮಾಡಿಸಿದ್ದು ಯಾಕೆಂದು ಈಗ ತಿಳಿಯಿತಲ್ಲವೇ?

ಆ ಹುಡುಗನೂ ಇದನ್ನು ಮಾಡಿದ. ರಟ್ಟನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಇಪ್ಪತ್ತು ಸಲವಾದರೂ ಕೇಳಿದ. ಕೊನೆಗೆ, “ಸರ್, ವ್ಯಾಟ್ ಹೆಚ್ಚು ಮಾಡುವ ಮೊದಲು ಇರುವ ವ್ಯಾಟ್ ಎಲ್ಲಿ ಹಾಳಾಗುತ್ತಿದೆ ಎಂದು ನೋಡಬೇಕು” ಎಂದ. ಗಿಟಾರ್ ಪೆಟ್ಟಿಗೆಗೆ ಮಾತ್ರವಲ್ಲ, ನಮ್ಮ ಮನೆಯ ವಿದ್ಯುತ್ತಿಗೂ ನೀರಿಗೂ ಈ ಮಾತು ಸಲ್ಲುತ್ತದೆ.

ಯೋಚಿಸಿ, ಉತ್ತರಿಸಿ

1. ವಾಲ್ವಿನಲ್ಲಿ ಗ್ರಿಡ್ ಮಾಡುವ ಕೆಲಸವನ್ನು ನಿಮ್ಮೂರಿನ ಯಾವ ವಸ್ತುವಿಗೆ ಹೋಲಿಸಬಹುದು?
2. ಮೇಲಿನ ಪಟ್ಟಿ ನೋಡಿ: 20 ವ್ಯಾಟ್ ಕೊಟ್ಟರೆ ಶಬ್ದದ ಮಟ್ಟ ಎಷ್ಟು ಡೆಸಿಬಲ್ ಆಗಬಹುದು?
3. ವಾಲ್ವಿನ ಒಳಗಿನ ಗಾಳಿಯನ್ನು ಯಾಕೆ ತೆಗೆದಿರುತ್ತಾರೆ?
4. ಹೊರದೇಶದಿಂದ ಬಂದ ಒಂದು ವಿದ್ಯುತ್ ಉಪಕರಣದ ಮೇಲಿನ ಬರಹವನ್ನು ದೊಡ್ಡವರ ಜೊತೆ ಓದಿ. ಅದು ಎಷ್ಟು ವೋಲ್ಟಿನದು? ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಬಹುದೇ?