ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ಕಾಣುವ ಕಾಮಾಲೆ

ಪಿತ್ತಕೋಶದ ಹರಳಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಬಹುತೇಕರು ಬೇಗನೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಊರಿಗೆ ಮರಳಿದ ಮೇಲೆ ಹೊಟ್ಟೆ ಉಬ್ಬರಿಸಿ ನೋಯುತ್ತದೆ, ಜ್ವರ ಬರುತ್ತದೆ, ಕಣ್ಣು ಹಳದಿಯಾಗುತ್ತದೆ. ಸವದತ್ತಿ ಸೀಮೆಯ ಹಳ್ಳಿಗಳಲ್ಲಿ ಕಣ್ಣು ಹಳದಿಯಾದೊಡನೆ ಕಾಮಣಿಯೆಂದು ಸೊಪ್ಪಿನ ಔಷಧಕ್ಕೆ ಹೋಗುವವರುಂಟು. ವೈರಾಣುವಿನಿಂದ ಬಂದ ಕಾಮಾಲೆ ಹಲವು ಸಲ ತಾನಾಗಿಯೇ ಇಳಿಯುವುದರಿಂದ ಆ ಔಷಧಕ್ಕೆ ಕೀರ್ತಿ ದೊರೆತಿರಬೇಕು. ಆದರೆ ಶಸ್ತ್ರಚಿಕಿತ್ಸೆಯ ನಂತರದ ಈ ಕಾಮಾಲೆ ಬಹುಮಟ್ಟಿಗೆ ನಾಳದ ತೊಂದರೆ. ಅದಕ್ಕೆ ಸೊಪ್ಪಿನಲ್ಲಿ ಉಪಾಯವಿಲ್ಲ.

ಯಕೃತ್ತು ದಿನಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ಪಿತ್ತರಸವನ್ನು ಸ್ರವಿಸುತ್ತದೆ. ಪಿತ್ತಕೋಶವನ್ನು ತೆಗೆದ ಮೇಲೂ ಆ ರಸ ಪಿತ್ತನಾಳದ ಮೂಲಕ ಸಣ್ಣ ಕರುಳಿಗೆ ಹರಿಯಲೇಬೇಕು. ಕತ್ತರಿಸಿದ ತುದಿಗೆ ಹಾಕಿದ ಕ್ಲಿಪ್ಪು ಸಡಿಲಾದರೆ ರಸ ಹೊಟ್ಟೆಯೊಳಗೆ ಸೋರುತ್ತದೆ. ನಾಳದಲ್ಲಿ ಹರಳು ಉಳಿದಿದ್ದರೆ ಅಥವಾ ಗಾಯ ಮಾಯುವಾಗ ನಾಳ ಕಿರಿದಾದರೆ ಹರಿವು ತಡೆಯುತ್ತದೆ; ಆಗ ಮೂತ್ರ ಗಾಢವಾಗಿ, ಮಲ ಬಿಳಿಚಿ, ಮೈ ತುರಿಸುತ್ತದೆ.

ಇಂಥ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ನಾಳವು ಕರುಳಿಗೆ ಸೇರುವ ಬಾಯಿಯನ್ನು ಕಂಡು, ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಒಳಗೆ ಬಿಟ್ಟು ನೋಡುತ್ತಾರೆ. ಇದಕ್ಕೆ ಇ.ಆರ್.ಸಿ.ಪಿ. ಎಂದು ಹೆಸರು. ನಾಳದ ಬಾಯಿಯನ್ನು ಕೊಯ್ದು ಹರಳು ತೆಗೆಯುವ ಕ್ರಮವನ್ನು ಜರ್ಮನಿ, ಜಪಾನಿನ ವೈದ್ಯರು 1974ರಲ್ಲಿ ಪ್ರಕಟಿಸಿದರು. ನಾಳ ಕಿರಿದಾಗಿದ್ದರೆ ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಎಂಬ ಸಣ್ಣ ಕೊಳವೆಗಳನ್ನು ಇಟ್ಟು, ತಿಂಗಳುಗಟ್ಟಲೆ ಬದಲಿಸುತ್ತ ಹೋಗುತ್ತಾರೆ.

ಸೋರುವ ನಾಳಕ್ಕೂ ಸ್ಟೆಂಟೇ ಮದ್ದು. ತೂತನ್ನು ಮುಚ್ಚದೆ ಸೋರಿಕೆ ನಿಲ್ಲುವುದೆಂತು? ನವಿಲುತೀರ್ಥದ ಕಾಲುವೆಯ ನೀರುಣಿಸುವ ರೈತರಿಗೆ ಇದು ಸುಲಭವಾಗಿ ತಿಳಿದೀತು. ಕೆಳಗಿನ ತೂಬು ಬಿಗಿಯಾಗಿದ್ದರೆ ನೀರು ಒಡ್ಡಿನ ಬಿರುಕಿನಲ್ಲಿ ಜಿನುಗುತ್ತದೆ. ತೂಬು ತೆರೆದರೆ ಬಿರುಕಿನ ಮೇಲಿನ ಒತ್ತಡ ಇಳಿಯುತ್ತದೆ. ಹಾಗೆಯೇ ರಸ ಕರುಳಿಗೆ ಸರಾಗವಾಗಿ ಹರಿದಾಗ ಗಾಯ ತಾನೇ ಕೂಡಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಮೊದಲೇ ನಿಂತ ರಸವನ್ನು ಮಾತ್ರ ಬೇರೆ ಕೊಳವೆಯಿಂದ ತೆಗೆಯಬೇಕಾದೀತು. ಮುಖ್ಯ ನಾಳವೇ ಪೂರ್ತಿ ತುಂಡಾಗಿದ್ದರೆ ಈ ಉಪಾಯ ಸಾಲದು. ನಾಳವನ್ನು ಕರುಳಿಗೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕು.

ಚಿಕಿತ್ಸೆ ಅಪಾಯರಹಿತವೇನೂ ಅಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತಸ್ರಾವ, ಅಪರೂಪಕ್ಕೆ ಕರುಳಿಗೆ ರಂಧ್ರ ಆಗಬಹುದು. ಆದುದರಿಂದ ಅನುಭವಿ ತಜ್ಞರಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ನಮಗೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳು ಹತ್ತಿರ.

ಇನ್ನೊಂದು ಮಾತು. ಸೋರಿಕೆಗೆ ಇಟ್ಟ ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳಲ್ಲಿ ತೆಗೆಯುತ್ತಾರೆ. ನೋವು ಹೋದ ಮೇಲೆ ಬಿತ್ತನೆ, ಸುಗ್ಗಿ, ಜಾತ್ರೆಗಳ ನಡುವೆ ಅದು ಮರೆತೇ ಹೋಗುತ್ತದೆ. ತಿಂಗಳುಗಳು ಕಳೆದಂತೆ ಕೊಳವೆ ಕಟ್ಟಿಕೊಂಡು ನಾಳದಲ್ಲಿ ಕೀವಾಗಿ, ನಂಜು ರಕ್ತಕ್ಕೆ ಏರುತ್ತದೆ. ತೆಗೆಸುವ ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಂಡು, ಮನೆಯವರಿಗೂ ತಿಳಿಸಿರಬೇಕು. ಚಳಿಜ್ವರದೊಡನೆ ಕಣ್ಣು ಹಳದಿಯಾದರೆ ಆ ದಿನಾಂಕಕ್ಕೂ ಕಾಯದೆ, ಬೆಳಗಾಗಲೆನ್ನದೆ, ಪತ್ರವನ್ನು ಹಿಡಿದುಕೊಂಡು ಅದೇ ರಾತ್ರಿ ಹೊರಡಬೇಕು.