ಹವಳದ ತೊಟ್ಟಿಯ ಮರಳು: ತೊಳೆಯುವುದೋ, ಕಾಯುವುದೋ?

ಬೇಸಾಯಗಾರನಿಗೆ ಮಣ್ಣು ಹೇಗೋ, ಕಡಲಿನ ಜೀವರಾಶಿಗೆ ಮರಳು ಹಾಗೆ. ಕಡಲಿನಿಂದ ದೂರವಿರುವ ನಮ್ಮ ಕೊಯಮತ್ತೂರು, ತಿರುಪ್ಪೂರು ಸೀಮೆಯ ಮನೆಗಳಲ್ಲಿಯೂ ಈಗ ಹವಳ ಮತ್ತು ಬಣ್ಣದ ಮೀನುಗಳಿರುವ ಉಪ್ಪುನೀರಿನ ಗಾಜಿನ ತೊಟ್ಟಿಗಳನ್ನು ಅಲ್ಲಲ್ಲಿ ಕಾಣಬಹುದು. ಅದರ ತಳದ ಬಿಳಿಯ ಮರಳು ಕೆಲವೇ ವಾರಗಳಲ್ಲಿ ಕಂದುಬಣ್ಣಕ್ಕೆ ತಿರುಗಿದಾಗ, ಎಲ್ಲವನ್ನೂ ಹೊರತೆಗೆದು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯಬೇಕೆಂದು ಹಲವರು ಭಾವಿಸುತ್ತಾರೆ. ಇದು ಸರಿಯೇ ಎಂಬ ಪ್ರಶ್ನೆಯಲ್ಲಿ ನಮ್ಮ ವಿದ್ಯಾರ್ಥಿಗಳೂ ಪೋಷಕರೂ ಅರಿಯಬೇಕಾದ ಒಂದು ಪಾಠವಿದೆ.

ಈ ಮರಳು ನಮ್ಮ ಹೊಳೆಯ ಮರಳಿನಂತಹುದಲ್ಲ. ಹವಳ, ಚಿಪ್ಪು ಮೊದಲಾದವುಗಳ ಪುಡಿಯಾದ ಇದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ದ್ರವ್ಯವೇ. ಇದರ ಒಂದೊಂದು ಕಣದ ಮೇಲೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ನೆಲೆಸುತ್ತವೆ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯ ಮೀನುಗಳಿಗೆ ವಿಷ. ಆಮ್ಲಜನಕವಿರುವ ಮೇಲುಪದರದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಮ್ಲಜನಕವಿಲ್ಲದ ಆಳದ ಪದರದಲ್ಲಿ ಬೇರೆ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹೀಗೆ ಮರಳೇ ತೊಟ್ಟಿಯ ಜಾಡಮಾಲಿ. ನಾವೆಲ್ಲರೂ ಹೆಮ್ಮೆಪಡುವ ಸಿರುವಾಣಿಯ ಸಿಹಿನೀರೂ ಅದರಲ್ಲಿ ಬೆರೆಸಿದ ಕ್ಲೋರಿನ್ನೂ ಈ ಕಡಲ ಜೀವಿಗಳಿಗೆ ಮಾರಕ. ಹೊಸ ಮರಳನ್ನು ಹಾಸುವ ಮೊದಲು ತೊಳೆಯುವುದು ಯುಕ್ತ. ಜೀವ ತುಂಬಿದ ಹಳೆಯ ಮರಳನ್ನು ಒಮ್ಮೆಗೇ ತೊಳೆದರೆ ಮೀನುಗಳ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಸ್ವಚ್ಛಗೊಳಿಸುವ ಕ್ರಮವೇನು? ಎರಡು ಅಂಗುಲದೊಳಗಿನ ತೆಳುವಾದ ಹಾಸಾದರೆ, ನೀರು ಬದಲಿಸುವಾಗ ಕೊಳವೆಯ ಸೈಫನ್‌ನಿಂದ ಕೊಳೆಯನ್ನು ಹೀರಬೇಕು. ಒಂದು ಸಲಕ್ಕೆ ತಳದ ನಾಲ್ಕನೆಯ ಒಂದು ಭಾಗ ಸಾಕು. ಉಳಿದ ಭಾಗದ ಬ್ಯಾಕ್ಟೀರಿಯಗಳು ಕೆಲಸ ಮುಂದುವರಿಸುತ್ತವೆ. ನಾಲ್ಕು ಅಂಗುಲಕ್ಕೂ ಮೀರಿದ ಆಳದ ಹಾಸನ್ನು ಕೆದಕಲೇಬಾರದು. ಅದರ ತಳದಲ್ಲಿ ಕಪ್ಪಾದ ಪದರದೊಳಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸೇರಿರಬಹುದು. ಕಲಕಿದರೆ ಅದು ನೀರಿಗೆ ಬಂದು ಮೀನುಗಳನ್ನು ಕೊಲ್ಲಬಲ್ಲುದು. ಎಲ್ಲಕ್ಕಿಂತ ಮುಖ್ಯವಾಗಿ ಆಹಾರವನ್ನು ಮಿತವಾಗಿ ಹಾಕಬೇಕು, ನೀರಿನ ಹರಿವು ಮೂಲೆಮೂಲೆಗೂ ಮುಟ್ಟುವಂತಿರಬೇಕು. ಕೊಳೆಯನ್ನು ತೆಗೆಯುವುದಕ್ಕಿಂತ ಕೊಳೆ ಸೇರದಂತೆ ನೋಡಿಕೊಳ್ಳುವುದು ಲೇಸು.

ಮಾನವನು ಈ ತತ್ತ್ವವನ್ನು ಕುಡಿಯುವ ನೀರಿಗೂ ಬಳಸಿದ್ದಾನೆ. 1829ರಲ್ಲಿ ಲಂಡನ್ನಿನ ಚೆಲ್ಸೀ ಜಲಸಂಸ್ಥೆಗಾಗಿ ಜೇಮ್ಸ್ ಸಿಂಪ್ಸನ್ ನಿರ್ಮಿಸಿದ ಮರಳಿನ ಸೋಸುಹಾಸು ಪ್ರಸಿದ್ಧವಾಗಿದೆ. ಅಂತಹ ಹಾಸಿನಲ್ಲಿಯೂ ನೀರನ್ನು ಶುದ್ಧಮಾಡುವುದು ಮೇಲಿನ ಜೀವಂತ ಪೊರೆ. ಅದು ಕಟ್ಟಿಕೊಂಡಾಗ ಮೇಲ್ಪದರವನ್ನಷ್ಟೇ ಕೆರೆದು ತೆಗೆಯುತ್ತಾರೆ, ಇಡೀ ಹಾಸನ್ನಲ್ಲ.

ಇನ್ನು ಪ್ರಕೃತಿಯ ಹವಳದ ದಿಬ್ಬಗಳಲ್ಲಿ ಮರಳನ್ನು ಕಾಯುವವರು ಯಾರು? ನಮ್ಮ ರಾಜ್ಯದಲ್ಲಿಯೇ ರಾಮೇಶ್ವರ ಮತ್ತು ತೂತ್ತುಕುಡಿಗಳ ನಡುವಣ ಮನ್ನಾರ್ ಕೊಲ್ಲಿಯಲ್ಲಿ ಅಂತಹ ದಿಬ್ಬಗಳಿವೆ. 1986ರಲ್ಲಿ ಅದು ಕಡಲ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಕಡಲ ಸೌತೆ ಎಂಬ ಪ್ರಾಣಿಯನ್ನು ತಮಿಳರು ‘ಕಡಲ್ ಅಟ್ಟೈ’ ಎನ್ನುತ್ತಾರೆ. ಅದು ಮರಳನ್ನು ನುಂಗಿ, ಅದರಲ್ಲಿನ ಕಸವನ್ನು ಜೀರ್ಣಿಸಿಕೊಂಡು, ಶುದ್ಧವಾದ ಮರಳನ್ನು ಹೊರಹಾಕುತ್ತದೆ. ಎರೆಹುಳು ಹೊಲಕ್ಕೆ ಮಾಡುವ ಉಪಕಾರವನ್ನು ಡಾರ್ವಿನ್ 1881ರ ತನ್ನ ಗ್ರಂಥದಲ್ಲಿ ವಿವರಿಸಿದನಲ್ಲವೆ? ಕಡಲ ಸೌತೆ ಕಡಲಿನ ಎರೆಹುಳು. ಇದನ್ನು ಹಿಡಿದು, ಬೇಯಿಸಿ ಒಣಗಿಸಿ, ಹೊರದೇಶಗಳಿಗೆ ಸಾಗಿಸಿದ್ದರಿಂದ ಇದರ ಸಂತತಿ ಕ್ಷೀಣಿಸಿತು. 1988ರಲ್ಲಿ ತೂತ್ತುಕುಡಿಯಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಮರಿಗಳನ್ನು ಉತ್ಪಾದಿಸುವಲ್ಲಿ ಯಶಸ್ವಿಯಾದರು. 2001ರಲ್ಲಿ ಕಡಲ ಸೌತೆಗಳನ್ನೂ ಕಲ್ಲುಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಆದುದರಿಂದ ಮನೆಯ ತೊಟ್ಟಿಯ ಮರಳು ಬೆಳ್ಳಗಿರಲೆಂದು ನಮ್ಮ ಕಡಲಿನಿಂದ ಕದ್ದು ತಂದ ಜೀವಿಯನ್ನು ಕೊಳ್ಳುವುದು ಅಪರಾಧ, ಅಧರ್ಮವೂ ಹೌದು.

ಮರಳಿನ ಶಕ್ತಿಗೂ ಮಿತಿಯುಂಟು. ಅದು ಕೊಳೆಯನ್ನು ಅರಗಿಸಬಲ್ಲುದು, ನೀರಿನಲ್ಲಿ ಕರಗಿದ ಉಪ್ಪನ್ನು ತೆಗೆಯಲಾರದು. ಇದಕ್ಕೆ ನಮ್ಮ ನೊಯ್ಯಲ್ ನದಿಯೇ ಸಾಕ್ಷಿ. ಬಣ್ಣದ ಕಾರ್ಖಾನೆಗಳ ಉಪ್ಪುನೀರು ಸೇರಿದ್ದರಿಂದ, 1992ರಲ್ಲಿ ಪೂರ್ಣಗೊಂಡ ಒರತ್ತುಪಾಳೆಯಂ ಅಣೆಕಟ್ಟಿನ ನೀರು ಬೆಳೆಗೆ ಬಾರದಾಯಿತು. ಕೊನೆಗೆ 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು, ತ್ಯಾಜ್ಯವನ್ನು ಹೊರಬಿಡದ ವ್ಯವಸ್ಥೆಯಿಲ್ಲದ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು.

ಗಾಜಿನ ತೊಟ್ಟಿಯಾಗಲಿ ನದಿಯಾಗಲಿ, ನಿಯಮ ಒಂದೇ. ತನ್ನನ್ನು ತಾನೇ ಶುಚಿಮಾಡಿಕೊಳ್ಳುವ ಸಾಮರ್ಥ್ಯ ತಳದ ಮರಳಿನಲ್ಲಿದೆ. ಅದಕ್ಕೆ ಹೊರಲಾರದ ಹೊರೆಯನ್ನು ಹೊರಿಸದಿರುವುದು ನಮ್ಮ ಕರ್ತವ್ಯ. ಮನೆಯಲ್ಲಿ ಇಂತಹ ತೊಟ್ಟಿಯನ್ನು ಇಟ್ಟಿರುವ ಹಿರಿಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ ಮೀನಿನ ಬಣ್ಣವನ್ನಷ್ಟೇ ಅಲ್ಲ, ಅದರ ಕೆಳಗಿನ ಮರಳನ್ನೂ ತೋರಿಸಿ ಈ ಪಾಠವನ್ನು ಹೇಳಿಕೊಡಲಿ.