ಲೂಥರ್ ಬದುಕಿ ಉಳಿದದ್ದು ಹೇಗೆ?

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ನಾವೆಲ್ಲ ಓದಿದ್ದೇವೆ: 1517ರಲ್ಲಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್ ಊರಲ್ಲಿ ಚರ್ಚಿನ ವಿರುದ್ಧ 95 ವಾದಗಳನ್ನು ಮುಂದಿಟ್ಟ, ಧರ್ಮಸುಧಾರಣೆ ಶುರುವಾಯಿತು. ಎರಡು ಮಾರ್ಕಿನ ಪ್ರಶ್ನೆ, ಅಲ್ಲಿಗೆ ಮುಗೀತು. ಆದರೆ ಲೂಥರನಿಗೂ ನೂರು ವರ್ಷ ಮೊದಲೇ ಬೊಹೀಮಿಯಾದ ಯಾನ್ ಹುಸ್ ಚರ್ಚನ್ನು ಪ್ರಶ್ನಿಸಿದ್ದ. ದೊರೆ ಕೊಟ್ಟ ಅಭಯಪತ್ರ ಕೈಯಲ್ಲಿದ್ದರೂ 1415ರಲ್ಲಿ ಅವನನ್ನು ಜೀವಂತ ಸುಟ್ಟರು. ಹಾಗಾದರೆ ಲೂಥರ್ ಉಳಿದದ್ದು ಹೇಗೆ? ಅವನ ವಿಚಾರ ಅರ್ಧ ಜರ್ಮನಿಗೆ ಹಬ್ಬಿದ್ದು ಹೇಗೆ? ಉತ್ತರದ ದೊಡ್ಡ ಪಾಲು ಸಿಗೋದು ರಾಜಕೀಯದಲ್ಲಿ.

ಹೆಸರಿಗೆ ಚಕ್ರವರ್ತಿ

ಆಗ ಜರ್ಮನಿ ಅನ್ನೋ ಒಂದು ದೇಶ ಇರಲಿಲ್ಲ. ಇದ್ದದ್ದು ಪವಿತ್ರ ರೋಮನ್ ಸಾಮ್ರಾಜ್ಯ: ನೂರಾರು ಸಣ್ಣಪುಟ್ಟ ಸಂಸ್ಥಾನಗಳು, ಸ್ವತಂತ್ರ ನಗರಗಳು, ಬಿಷಪ್ಪರ ಆಳ್ವಿಕೆಯ ಪ್ರದೇಶಗಳು. ಚಕ್ರವರ್ತಿಯನ್ನು ಆರಿಸುವ ಹಕ್ಕು ಏಳು ಜನರಿಗಿತ್ತು. ಅವರಲ್ಲಿ ಒಬ್ಬ ಸ್ಯಾಕ್ಸನಿಯ ಫ್ರೆಡರಿಕ್. ಲೂಥರ್ ಇದ್ದದ್ದು ಇವನ ರಾಜ್ಯದಲ್ಲಿ, ಪಾಠ ಹೇಳುತ್ತಿದ್ದದ್ದು ಇವನೇ ಕಟ್ಟಿದ ವಿಶ್ವವಿದ್ಯಾಲಯದಲ್ಲಿ.

1519ರಲ್ಲಿ ಹೊಸ ಚಕ್ರವರ್ತಿಯ ಆಯ್ಕೆ ಆಗಬೇಕಿತ್ತು. ಫ್ರೆಡರಿಕ್‌ನ ಮತ ಬೇಕಿದ್ದರಿಂದ ಪೋಪ್ ಕೂಡ ಲೂಥರನ ವಿಷಯದಲ್ಲಿ ಕೈ ತಡೆದ. ಆ ಬಿಡುವಿನಲ್ಲಿ ಲೂಥರನ ಬರಹಗಳು ಅಚ್ಚಾಗಿ ಎಲ್ಲೆಡೆ ಹರಡಿದವು. 1521ರಲ್ಲಿ ವೊರ್ಮ್ಸ್ ಸಭೆಯಲ್ಲಿ, ಗೆದ್ದು ಬಂದ ಐದನೇ ಚಾರ್ಲ್ಸ್‌ನ ಮುಂದೆ ಲೂಥರ್ ತನ್ನ ಮಾತು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ. ಚಕ್ರವರ್ತಿ ಬಹಿಷ್ಕಾರ ಹಾಕಿದ. ಫ್ರೆಡರಿಕ್ ಅಪಹರಣದ ನಾಟಕ ಮಾಡಿಸಿ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟ. ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದದ್ದು ಅಲ್ಲೇ ಕೂತು.

ಹೊರಗಿನ ಯುದ್ಧ, ಒಳಗಿನ ಬಿಡುವು

ಚಾರ್ಲ್ಸ್ ಯಾಕೆ ಸುಮ್ಮನಿದ್ದ? ಸುಮ್ಮನಿರಲಿಲ್ಲ, ಪುರುಸೊತ್ತಿರಲಿಲ್ಲ! ಒಂದು ಕಡೆ ಫ್ರಾನ್ಸ್ ಜೊತೆ ಯುದ್ಧ, ಇನ್ನೊಂದು ಕಡೆ ಒಟ್ಟೋಮನ್ ತುರ್ಕರು. 1529ರಲ್ಲಿ ಅವರು ವಿಯೆನ್ನಾ ಬಾಗಿಲಿಗೇ ಬಂದರು. ತುರ್ಕರನ್ನು ಎದುರಿಸಲು ಜರ್ಮನ್ ದೊರೆಗಳ ಹಣ ಬೇಕು, ಸೈನ್ಯ ಬೇಕು. ಹಾಗಾಗಿ 1526ರ ಸ್ಪೈಯರ್ ಸಭೆ ಧರ್ಮದ ವಿಷಯವನ್ನು ತಾತ್ಕಾಲಿಕವಾಗಿ ಆಯಾ ದೊರೆಯ ವಿವೇಚನೆಗೆ ಬಿಟ್ಟಿತು. 1529ರಲ್ಲಿ ಇದನ್ನು ರದ್ದು ಮಾಡಿದಾಗ ಆರು ದೊರೆಗಳು, ಹದಿನಾಲ್ಕು ನಗರಗಳು ಪ್ರತಿಭಟಿಸಿದವು. 'ಪ್ರೊಟೆಸ್ಟಂಟ್' ಅನ್ನೋ ಹೆಸರು ಹುಟ್ಟಿದ್ದು ಆ ಪ್ರತಿಭಟನೆಯಿಂದ. 1531ರಲ್ಲಿ ಇವರಲ್ಲಿ ಹಲವರು ಸೇರಿ ಶ್ಮಾಲ್ಕಾಲ್ಡೆನ್ ಕೂಟ ಅನ್ನೋ ಸೈನಿಕ ಒಕ್ಕೂಟ ಕಟ್ಟಿಕೊಂಡರು.

ದೊರೆಗಳಿಗೆ ನಂಬಿಕೆ ಇರಲಿಲ್ಲ ಅಂತಲ್ಲ. ಆದರೆ ಲಾಭವೂ ಇತ್ತು: ಮಠಗಳ ಆಸ್ತಿ ಕೈಗೆ ಬಂತು, ಚರ್ಚಿನ ಆಡಳಿತವೂ ಬಂತು. ಲೂಥರನೂ ಅವರ ಆಸರೆಯಲ್ಲಿದ್ದ. 1525ರಲ್ಲಿ ರೈತರು ಅವನ ಮಾತುಗಳನ್ನೇ ಹಿಡಿದು ಜೀತದಿಂದ ಬಿಡುಗಡೆ ಕೇಳಿ ದಂಗೆ ಎದ್ದಾಗ, ಅವರನ್ನು ನಿರ್ದಯವಾಗಿ ಅಡಗಿಸಿ ಅಂತ ಬರೆದವನು ಇದೇ ಲೂಥರ್. ಹತ್ತಾರು ಸಾವಿರ ರೈತರು ಸತ್ತರು. ಅಲ್ಲಿಂದ ಮುಂದೆ ಸುಧಾರಣೆಯ ಲಗಾಮು ಹೆಚ್ಚೆಚ್ಚು ಅರಮನೆಗಳ ಕೈಗೆ ಹೋಯಿತು.

ದಾಯಾದಿ ಜಗಳದಿಂದ ಸಂಧಾನಕ್ಕೆ

ಫ್ರಾನ್ಸ್ ಮತ್ತು ತುರ್ಕರ ಜೊತೆ ರಾಜಿಯಾದ ಮೇಲೆ ಚಾರ್ಲ್ಸ್ 1546ರಲ್ಲಿ ಕೂಟದ ಮೇಲೆ ಯುದ್ಧ ಸಾರಿದ. ಅವನ ಪಕ್ಷ ಸೇರಿದವರಲ್ಲಿ ಸ್ಯಾಕ್ಸನಿಯ ಇನ್ನೊಂದು ಶಾಖೆಯ ದೊರೆ ಮೋರಿಟ್ಸ್ ಮುಖ್ಯ. ಅವನೂ ಲೂಥರನ ಅನುಯಾಯಿಯೇ! ಕಣ್ಣಿದ್ದದ್ದು ದಾಯಾದಿಯ ಪದವಿಯ ಮೇಲೆ. 1547ರಲ್ಲಿ ಮ್ಯೂಲ್‌ಬರ್ಗ್ ಕಾಳಗದಲ್ಲಿ ಚಾರ್ಲ್ಸ್ ಗೆದ್ದ, ಮೋರಿಟ್ಸ್‌ಗೆ ಪದವಿ ಸಿಕ್ಕಿತು. ಆದರೆ ಚಕ್ರವರ್ತಿ ಇಷ್ಟು ಬಲಿಷ್ಠನಾದದ್ದು ಯಾವ ದೊರೆಗೂ ಹಿಡಿಸಲಿಲ್ಲ. 1552ರಲ್ಲಿ ಅದೇ ಮೋರಿಟ್ಸ್ ಫ್ರಾನ್ಸಿನ ಜೊತೆ ಸೇರಿ ತಿರುಗಿಬಿದ್ದ, ಚಾರ್ಲ್ಸ್ ಇನ್ಸ್‌ಬ್ರುಕ್‌ನಿಂದ ಓಡಬೇಕಾಯಿತು.

ಕೊನೆಗೆ 1555ರಲ್ಲಿ ಔಗ್ಸ್‌ಬರ್ಗ್ ಒಪ್ಪಂದ ಆಯಿತು. ಕ್ಯಾಥೊಲಿಕ್ ಅಥವಾ ಲೂಥರನ್, ಎರಡರಲ್ಲಿ ಒಂದನ್ನು ದೊರೆ ಆರಿಸಬೇಕು, ಪ್ರಜೆಗಳು ಅದನ್ನೇ ಪಾಲಿಸಬೇಕು. ಒಪ್ಪದವರು ಆಸ್ತಿ ಮಾರಿ ಊರು ಬಿಡಬಹುದು. ಕ್ಯಾಲ್ವಿನ್‌ನ ಅನುಯಾಯಿಗಳಿಗೆ ಜಾಗವೇ ಇಲ್ಲ. ಹೀಗೆ ಉಳಿದುಹೋದ ಬಿರುಕುಗಳು 1618ರಲ್ಲಿ ಮೂವತ್ತು ವರ್ಷಗಳ ಯುದ್ಧವಾಗಿ ಸಿಡಿದವು.

ವೊರ್ಮ್ಸ್‌ನಲ್ಲಿ ಲೂಥರ್ ನಿಂತದ್ದು ತನ್ನ ಆತ್ಮಸಾಕ್ಷಿಯ ಹೆಸರಲ್ಲಿ. ಮೂವತ್ತನಾಲ್ಕು ವರ್ಷಗಳ ನಂತರ ಅವನ ಪಂಥಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು, ಆದರೆ ಆಯ್ಕೆಯ ಹಕ್ಕು ಸಿಕ್ಕಿದ್ದು ದೊರೆಗೆ. ರೈತನಿಗೆ, ನೇಕಾರನಿಗೆ ಸಿಕ್ಕಿದ್ದು ಗಂಟುಮೂಟೆ ಕಟ್ಟುವ ಸ್ವಾತಂತ್ರ್ಯ ಮಾತ್ರ. ಆ ಎರಡು ಮಾರ್ಕಿನ ಉತ್ತರದಲ್ಲಿ ನಾವು ಬಿಟ್ಟಿದ್ದು ಇದನ್ನೇ.